ಕನ್ನಡ ಜಾಲಪ್ರಕಟಣೆಯ ಸರಳೀಕರಣ

ಕನ್ನಡ ಜಾಲಪ್ರಕಟಣೆಯ ಸರಳೀಕರಣ ಎಂದರೆ ಗಣಕದ ವಿಶೇಷ ಪರಿಣತಿಯಿಲ್ಲದವರೂ ಅಂತರಜಾಲದಲ್ಲಿ ಕನ್ನಡ ಬರೆಹವನ್ನು ತಾವೇ ಪ್ರಕಟಿಸಲು ಮತ್ತು ತಿದ್ದಲು ಅನುವಾಗುವಂತೆ ಅಕ್ಷರ ಸಂಕೇತ, ಕೀಲಿಮಣೆ ಹಾಗೂ ಸಂಪಾದನಾ ಸಲಕರಣೆಗಳಲ್ಲಿ ಆಗಿರುವ ಸುಧಾರಣೆ. ಈ ಲೇಖನವು ಮುಖ್ಯವಾಗಿ 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವನ್ನು ಕುರಿತದ್ದು. ಉದಾಹರಣೆಗಳನ್ನು ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲೂಕುಗಳಿಂದ ಆರಿಸಿಕೊಳ್ಳಲಾಗಿದೆ.

ಅಕ್ಷರ ಸಂಕೇತದ ತೊಡಕು

ಗಣಕದಲ್ಲಿ ಕನ್ನಡ ಮೊದಲು ಬೇರೂರಿದ್ದು ಮುದ್ರಣದ ಕೆಲಸಕ್ಕಾಗಿ. ಶೇಷಾದ್ರಿ ವಾಸು ಅವರ ಬರಹ (1998) ಮತ್ತು ಕನ್ನಡ ಗಣಕ ಪರಿಷತ್ತು ರಾಜ್ಯ ಸರ್ಕಾರಕ್ಕಾಗಿ ಸಿದ್ಧಪಡಿಸಿದ ನುಡಿ ತಂತ್ರಾಂಶಗಳು ಕಚೇರಿಗಳನ್ನೂ ಡಿಟಿಪಿ ಅಂಗಡಿಗಳನ್ನೂ ತಲುಪಿದವು. ಆದರೆ ನುಡಿಯ ಹಳೆಯ ಕಡತಗಳಲ್ಲಿ ಉಳಿಯುತ್ತಿದ್ದುದು ಅಕ್ಷರವಲ್ಲ, ಅಕ್ಷರದ ಚಿತ್ರ. ರೋಮನ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಜಾಗದಲ್ಲಿ ಕನ್ನಡದ ತಲೆಕಟ್ಟು, ಒತ್ತು, ಕೊಂಬುಗಳನ್ನು ಕೂರಿಸಲಾಗಿತ್ತು. ಆ ಫಾಂಟ್ ಇಲ್ಲದ ಗಣಕದಲ್ಲಿ ‘ಹೊನ್ನಾಳಿ’ ಎಂಬ ಹೆಸರು ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲಾಗಿ ಕಾಣುತ್ತಿತ್ತು. ಶೋಧಯಂತ್ರಗಳಿಗೂ ಅದು ಸಿಗುತ್ತಿರಲಿಲ್ಲ.

ಯುನಿಕೋಡ್ ಶಿಷ್ಟತೆಯಲ್ಲಿ 1991ರಿಂದಲೇ ಕನ್ನಡವಿದೆ. ಅದರಲ್ಲಿ ‘ಹೊನ್ನಾಳಿ’ ಎಂಬುದು ಎಂಟು ಸಂಕೇತಗಳ ಸರಣಿ: ಹಕಾರ, ಅದರ ಒಕಾರ ಚಿಹ್ನೆ, ನಕಾರ, ಹಲಂತ, ಮತ್ತೊಂದು ನಕಾರ, ದೀರ್ಘ, ಳಕಾರ, ಗುಡಿಸು. ಓದುಗನಿಗೆ ಕಾಣುವುದು ಮೂರೇ ಅಕ್ಷರ. ಜೋಡಿಸುವ ಹೊಣೆ ಯಂತ್ರದ್ದು. ಸಾಮಾನ್ಯ ಬಳಕೆದಾರರಿಗೆ ಇದು ದೊರೆತದ್ದು ವಿಂಡೋಸ್ ಎಕ್ಸ್‌ಪಿ (2001) ಮತ್ತು ಅದರೊಂದಿಗಿದ್ದ ತುಂಗಾ ಫಾಂಟಿನ ಮೂಲಕ. 2005ರಲ್ಲಿ ಹರಿಪ್ರಸಾದ್ ನಾಡಿಗ್ ಆರಂಭಿಸಿದ ‘ಸಂಪದ’ದಂತಹ ತಾಣಗಳಲ್ಲಿ ನೋಂದಾಯಿತ ಓದುಗರೇ ಲೇಖಕರಾಗಲು ಸಾಧ್ಯವಾದದ್ದು ಈ ತಳಹದಿಯ ಮೇಲೆ.

ಕೀಲಿಮಣೆ

ಕನ್ನಡ ಟೈಪಿಸಲು ಮುಖ್ಯವಾಗಿ ಮೂರು ಕ್ರಮಗಳು ಬಳಕೆಯಲ್ಲಿವೆ. ಕೆ. ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ನುಡಿ ಕೀಲಿಮಣೆಯಲ್ಲಿ ಒತ್ತಕ್ಷರಕ್ಕೆ ‘ಎಫ್’ ಕೀಲಿಯನ್ನು ಒತ್ತಬೇಕು. ಲಿಪ್ಯಂತರ ಕ್ರಮದಲ್ಲಿ ಉಚ್ಚಾರಣೆಯನ್ನು ರೋಮನ್ ಅಕ್ಷರಗಳಲ್ಲಿ ಟೈಪಿಸಿದರೆ ಕನ್ನಡ ಮೂಡುತ್ತದೆ. ಮೂರನೆಯದು ಭಾರತೀಯ ಲಿಪಿಗಳಿಗೆಲ್ಲ ಸಮಾನವಾದ ಇನ್‌ಸ್ಕ್ರಿಪ್ಟ್. ವಿಕಿಪೀಡಿಯವು ಇವನ್ನು ಪುಟದೊಳಗೇ ಅಳವಡಿಸಿತು: ಮೊದಲು ‘ನಾರಾಯಂ’ ವಿಸ್ತರಣೆ, 2013ರಿಂದ ಸಾರ್ವತ್ರಿಕ ಭಾಷಾ ಆಯ್ಕೆ ಸಲಕರಣೆ. ಗಣಕಕ್ಕೆ ಬೇರೆ ತಂತ್ರಾಂಶ ಹಾಕಿಕೊಳ್ಳಬೇಕಾದ ಅಗತ್ಯ ಇದರಿಂದ ತಪ್ಪಿತು. 2017ರ ಆಗಸ್ಟ್‌ನಲ್ಲಿ ಗೂಗಲ್ ಕನ್ನಡಕ್ಕೂ ಧ್ವನಿ ಟೈಪಿಂಗ್ ಒದಗಿಸಿದ ಮೇಲೆ, ಕೀಲಿಮಣೆ ಕಲಿಯದವರೂ ಮೊಬೈಲ್‌ನಲ್ಲಿ ಮಾತಾಡಿ ಬರೆಯಬಹುದಾಯಿತು.

ಸಂಪಾದನೆ

ವಿಕಿಪಠ್ಯದಲ್ಲಿ ಕೊಂಡಿ ನೀಡಲು ಜೋಡಿ ಚೌಕಾವರಣ ಬೇಕು. ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ಆ ಕೀಲಿಯ ಜಾಗದಲ್ಲಿ ಡಕಾರವಿದೆ. ಹೀಗಾಗಿ ಪ್ರತಿ ಕೊಂಡಿಗೂ ಇಂಗ್ಲಿಷಿಗೆ ಹೊರಳಿ ಮತ್ತೆ ಕನ್ನಡಕ್ಕೆ ಮರಳಬೇಕು. ನುರಿತವರಿಗೆ ಗಮನಕ್ಕೂ ಬಾರದ ಇಂತಹ ತೊಡಕೇ ಹೊಸಬರನ್ನು ಹಿಮ್ಮೆಟ್ಟಿಸುತ್ತದೆ. 2013ರಿಂದ ವಿವಿಧ ವಿಕಿಪೀಡಿಯಗಳಲ್ಲಿ ಬಳಕೆಗೆ ಬಂದ ದೃಶ್ಯ ಸಂಪಾದಕದಲ್ಲಿ ಚಿಹ್ನೆಗಳ ಹಂಗಿಲ್ಲ. ಕಡತ ತಿದ್ದಿದಂತೆಯೇ ಪುಟವನ್ನು ತಿದ್ದಬಹುದು.

ಕಠಿನವಾಗಿ ಉಳಿದಿರುವುದು ಮಾಹಿತಿ ಚೌಕ. ಇದರ ಮಹತ್ವಕ್ಕೆ ಮೇಲಿನ ತಾಲೂಕುಗಳೇ ನಿದರ್ಶನ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ರಚನೆಯಾದಾಗ ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದವು. ಮುಂದೆ ಹೊನ್ನಾಳಿಯನ್ನು ವಿಭಜಿಸಿ ನ್ಯಾಮತಿ ತಾಲೂಕನ್ನು ರಚಿಸಲಾಯಿತು. ಸಂತ ಸೇವಾಲಾಲರ ಕ್ಷೇತ್ರವಾದ ಸೂರಗೊಂಡನಕೊಪ್ಪ ಈಗ ನ್ಯಾಮತಿಗೆ ಸೇರಿದೆ. ಹಳೆಯ ಪುಸ್ತಕವನ್ನು ನೋಡಿ ದೂರದಲ್ಲಿ ಕುಳಿತು ಬರೆದವರು ಇಲ್ಲಿ ತಪ್ಪುವುದು ಸಹಜ. ಊರಿನವರು ಒಂದೇ ಪದ ಬದಲಿಸಿ ಇದನ್ನು ಸರಿಪಡಿಸಬಲ್ಲರು, ಆದರೆ ಆ ಪದವಿರುವುದು ಇಂಗ್ಲಿಷ್ ಹೆಸರಿನ ಅಂಕಣಗಳುಳ್ಳ ಟೆಂಪ್ಲೇಟಿನೊಳಗೆ. ದೃಶ್ಯ ಸಂಪಾದಕವು ಟೆಂಪ್ಲೇಟನ್ನು ಭರ್ತಿ ಮಾಡುವ ನಮೂನೆಯಾಗಿ ತೋರಿಸುತ್ತದೆ; ಅಂಕಣಗಳ ವಿವರವನ್ನು ಸ್ವಯಂಸೇವಕರು ಕನ್ನಡದಲ್ಲಿ ಬರೆದಿಟ್ಟರೆ ಮಾತ್ರ ಆ ನಮೂನೆ ಕನ್ನಡದಲ್ಲಿ ಕಾಣುತ್ತದೆ.

ಹುಡುಕಾಟದ ತೊಡಕು ಇನ್ನೊಂದು ಬಗೆಯದು. ಚನ್ನಗಿರಿ–ಚೆನ್ನಗಿರಿ, ತಾಲೂಕು–ತಾಲ್ಲೂಕು, ಸೂಳೆಕೆರೆ–ಶಾಂತಿಸಾಗರ ಎಂಬ ರೂಪಗಳೆಲ್ಲ ಬಳಕೆಯಲ್ಲಿವೆ. ಪುನರ್ನಿರ್ದೇಶನ ಪುಟವಿಲ್ಲದಿದ್ದರೆ ಇರುವ ಲೇಖನವೂ ಇಲ್ಲವೆಂದೇ ಓದುಗರಿಗೆ ತೋರಬಹುದು, ಒಂದೇ ವಿಷಯಕ್ಕೆ ಎರಡು ಲೇಖನಗಳೂ ಹುಟ್ಟಬಹುದು.

ಉಳಿದಿರುವ ಅಡಚಣೆಗಳು

ಸ್ಮರಣ ಸಂಚಿಕೆ, ದೇವಸ್ಥಾನದ ಕಿರುಹೊತ್ತಗೆ, ಶಾಲೆಯ ವಾರ್ಷಿಕ ಪತ್ರಿಕೆಗಳಂತಹ ಸ್ಥಳೀಯ ಬರೆಹಗಳಲ್ಲಿ ಬಹಳಷ್ಟು ಹಳೆಯ ನುಡಿ ಕಡತಗಳಲ್ಲಿಯೇ ಇವೆ. ಅವನ್ನು ಯುನಿಕೋಡಿಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ದೊರೆಯುತ್ತವೆ. ಆದರೆ ನಡುವೆ ಬರುವ ಇಂಗ್ಲಿಷ್ ಪದಗಳೂ ಕನ್ನಡದ ಚೂರುಗಳಾಗಿ ಬದಲಾಗುವುದುಂಟು, ಅರ್ಕಾವತ್ತು ಸ್ಥಾನಪಲ್ಲಟಗೊಳ್ಳುವುದೂ ಉಂಟು. ಆದ್ದರಿಂದ ಪರಿವರ್ತಿತ ಪಠ್ಯದ ಕರಡನ್ನು ಸಾಲುಸಾಲಾಗಿ ತಿದ್ದಬೇಕಾಗುತ್ತದೆ.

ಖಾತೆ ತೆರೆಯುವಾಗ ತಿರುಚಿದ ರೋಮನ್ ಅಕ್ಷರಗಳನ್ನು ಗುರುತಿಸಿ ಟೈಪಿಸಬೇಕೆಂಬ ನಿಯಮವೂ ದೀರ್ಘಕಾಲ ಇತ್ತು. ಕನ್ನಡ ಮಾತ್ರ ಓದಬಲ್ಲವರಿಗೆ ಕನ್ನಡ ವಿಶ್ವಕೋಶದ ಬಾಗಿಲಲ್ಲಿಯೇ ಎದುರಾಗುತ್ತಿದ್ದ ಇಂಗ್ಲಿಷ್ ಪರೀಕ್ಷೆ ಅದು.