ಪುನರಾವರ್ತನೆಯ ಅವಧಿ: ಬ್ರಹ್ಮಗಿರಿಯ ಅಂತೇವಾಸಿಯಿಂದ ವೈದ್ಯಪರೀಕ್ಷೆಯ ಪ್ರಶ್ನೆಚೀಟಿಯವರೆಗೆ

ವೈದ್ಯವೃತ್ತಿಯ ಪರವಾನಗಿಗಾಗಿ ನಡೆಯುವ ಪರೀಕ್ಷೆಗಳಿಗೆ ಓದುವ ವಿದ್ಯಾರ್ಥಿಗಳಲ್ಲಿ ಇತ್ತೀಚಿನ ವರ್ಷಗಳಲ್ಲಿ ಒಂದು ಹೊಸ ಅಭ್ಯಾಸಕ್ರಮವು ಬಳಕೆಗೆ ಬಂದಿದೆ. ಗಣಕಯಂತ್ರದಲ್ಲಿಯೋ ಮೊಬೈಲಿನಲ್ಲಿಯೋ ಒಂದು ಪ್ರಶ್ನೆ ತೋರುತ್ತದೆ. ಓದುವವರು ಉತ್ತರವನ್ನು ಮನಸ್ಸಿನಲ್ಲಿ ಹೇಳಿಕೊಂಡು, ಗುಂಡಿಯೊತ್ತಿ ಸರಿಯುತ್ತರವನ್ನು ಕಂಡು, ಅದು ಮರೆತಿತ್ತೇ, ಕಷ್ಟವಾಯಿತೇ, ಸರಿಯಾಗಿ ನೆನಪಿಗೆ ಬಂದಿತೇ, ಸುಲಭವಾಗಿಯೇ ಇದ್ದಿತೇ ಎಂಬುದನ್ನು ತಾವೇ ತಿಳಿಸುತ್ತಾರೆ. ಆ ಮಾತನ್ನು ನಂಬಿ ತಂತ್ರಾಂಶವು ಅದೇ ಪ್ರಶ್ನೆಯನ್ನು ನಾಳೆಯೋ, ವಾರದ ಮೇಲೋ, ಮೂರು ತಿಂಗಳ ಮೇಲೋ ಮತ್ತೆ ಮುಂದಿಡುತ್ತದೆ. ಇಂತಹ ತಂತ್ರಾಂಶಗಳಲ್ಲಿ ಹೆಚ್ಚು ಪ್ರಸಿದ್ಧವಾದುದು 2006ರಲ್ಲಿ ಹೊರಬಂದ ‘ಆಂಕಿ’. ಕಂಠಪಾಠ ಮಾಡುವುದು ಎಂಬ ಅರ್ಥದ ಜಪಾನೀ ಶಬ್ದವಿದು. ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಿಂದ ಚಿತ್ರದುರ್ಗ, ದಾವಣಗೆರೆ, ಬಳ್ಳಾರಿಗಳ ವೈದ್ಯಕೀಯ ಕಾಲೇಜುಗಳಿಗೆ ಹೋಗುವ ತರುಣ ತರುಣಿಯರಿಗೂ ಇದು ಕೈಗೆಟುಕುವ ಸಾಧನವೇ ಆಗಿದೆ.

ಈ ಕ್ರಮದ ವಿಷಯದಲ್ಲಿ ಅಧ್ಯಾಪಕರ ನಡುವೆ ಎರಡು ಬಗೆಯ ಮಾತು ಕೇಳಿಬರುತ್ತದೆ. ಇದು ಪೂರ್ತಿಯಾಗಿ ಹೊರಗಿನಿಂದ ಬಂದುದು, ನಮ್ಮ ವಿದ್ಯಾಪದ್ಧತಿಗೂ ಇದಕ್ಕೂ ಸಂಬಂಧವಿಲ್ಲವೆಂಬುದು ಒಂದು. ಇದೆಲ್ಲವೂ ನಮ್ಮ ಹಿರಿಯರಿಗೆ ತಿಳಿದೇ ಇದ್ದಿತು, ಹೊಸದೇನೂ ಇಲ್ಲವೆಂಬುದು ಇನ್ನೊಂದು. ಎರಡನ್ನೂ ಒಪ್ಪುವುದು ನಮಗೆ ಸಾಧ್ಯವಾಗಿಲ್ಲ. ಮತ್ತೆ ಮತ್ತೆ ಓದುವುದೂ, ಅದಕ್ಕೆ ಅವಧಿಗಳನ್ನು ಗೊತ್ತುಮಾಡುವುದೂ ಹಳೆಯವು. ಆ ಅವಧಿಯನ್ನು ಗೊತ್ತುಮಾಡುವ ಅಧಿಕಾರವು ಯಾರಲ್ಲಿದ್ದಿತು ಎಂಬುದರಲ್ಲಿ ಮಾತ್ರ ಹಳತಿಗೂ ಹೊಸತಿಗೂ ನಿಜವಾದ ಭೇದವಿದೆ. ಇದನ್ನು ವಿಚಾರಮಾಡಲು ಈ ಎರಡು ತಾಲ್ಲೂಕುಗಳ ನೆಲದಿಂದಲೇ ಹೊರಡುವುದು ಉಚಿತವೆಂದು ಭಾವಿಸಿದ್ದೇವೆ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಎಡೆಗಳಲ್ಲಿ ಅಶೋಕನ ಕಿರುಶಿಲಾಶಾಸನಗಳಿರುವುದನ್ನು ಬಿ. ಎಲ್. ರೈಸರು 1892ರಲ್ಲಿ ಕಂಡುಹಿಡಿದರು. 1947ರಲ್ಲಿ ಮಾರ್ಟಿಮರ್ ವ್ಹೀಲರರು ಬ್ರಹ್ಮಗಿರಿಯಲ್ಲಿ ನಡೆಸಿದ ಉತ್ಖನನವೂ ವಿದ್ಯಾರ್ಥಿಗಳಿಗೆ ಪರಿಚಿತವೇ. ಬ್ರಹ್ಮಗಿರಿಯ ಶಾಸನವು ಸುವರ್ಣಗಿರಿಯ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಆರೋಗ್ಯವನ್ನು ವಿಚಾರಿಸುವ ಮಾತಿನಿಂದ ಮೊದಲಾಗುತ್ತದೆ. ನಮ್ಮ ವಿಷಯಕ್ಕೆ ಮುಖ್ಯವಾದುದು ಅದರ ಎರಡನೆಯ ಭಾಗ. ತಂದೆತಾಯಿಗಳ ಮಾತನ್ನು ಕೇಳಬೇಕು, ಪ್ರಾಣಿಗಳಲ್ಲಿ ದಯೆಯನ್ನು ದೃಢಗೊಳಿಸಬೇಕು, ಸತ್ಯವನ್ನು ನುಡಿಯಬೇಕು, ಅಂತೇವಾಸಿಯು ಆಚಾರ್ಯನನ್ನು ಗೌರವಿಸಬೇಕು, ಇದು ಪುರಾತನವಾದ ನಡವಳಿಕೆ ಎಂಬುದು ಅದರ ಸಾರಾಂಶ. ಆಚಾರ್ಯನ ಬಳಿಯಲ್ಲಿಯೇ ವಾಸಿಸಿ ಕಲಿಯುವವನು ಅಂತೇವಾಸಿ. ಕರ್ನೂಲು ಜಿಲ್ಲೆಯ ಎರ್ರಗುಡಿಯ ಪಾಠವು ಇನ್ನೂ ಸ್ವಲ್ಪ ಮುಂದೆ ಹೋಗಿ, ಆನೆಯೇರುವವರು, ಕರಣಿಕರು, ರಥ ನಡೆಸುವವರು, ಬ್ರಾಹ್ಮಣರು ತಮ್ಮ ತಮ್ಮ ಅಂತೇವಾಸಿಗಳಿಗೆ ಇದನ್ನು ಬೋಧಿಸಬೇಕೆಂದು ವಿಧಿಸುತ್ತದೆ. ಅಂತೇವಾಸವು ವೇದಾಧ್ಯಯನಕ್ಕೆ ಮಾತ್ರ ಸೇರಿದುದಾಗಿರದೆ ವೃತ್ತಿಶಿಕ್ಷಣದ ಕ್ರಮವೂ ಆಗಿದ್ದಿತೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಬ್ರಹ್ಮಗಿರಿಯ ಪಾಠದಲ್ಲಿ ಪುನಃಶ್ರವಣದ ಕಾಲವನ್ನು ಹೇಳಿಲ್ಲ. ಅದನ್ನು ಕಾಣಬೇಕಾದರೆ ಅದೇ ಅರಸನ ಕಳಿಂಗದ ಶಾಸನಗಳಿಗೆ, ಎಂದರೆ ಧೌಲಿ ಮತ್ತು ಜೌಗಡದ ಪ್ರತ್ಯೇಕ ಶಾಸನಗಳಿಗೆ ಹೋಗಬೇಕು. ಅಲ್ಲಿ ಲಿಪಿಯನ್ನು ತಿಷ್ಯ ನಕ್ಷತ್ರದ ದಿನಗಳಲ್ಲಿ ಕೇಳಬೇಕೆಂದೂ, ನಾಲ್ಕು ನಾಲ್ಕು ತಿಂಗಳ ಋತುಗಳಲ್ಲಿ ಬರುವ ತಿಷ್ಯದಂದು ಕೇಳಬೇಕೆಂದೂ, ನಡುನಡುವೆ ಸಂದರ್ಭ ಬಂದಾಗ ಒಬ್ಬನೇ ಆದರೂ ಕೇಳಬಹುದೆಂದೂ ಅಪ್ಪಣೆಯಿದೆ. ಒಮ್ಮೆ ಕೇಳಿದ ಮಾತು ನಿಲ್ಲದೆಂಬ ಅರಿವು ಈ ವಿಧಿಯ ಹಿಂದೆ ಇದ್ದೇ ಇದೆ. ಆದರೆ ಇಲ್ಲಿ ಅವಧಿಯನ್ನು ನಿರ್ಣಯಿಸುವುದು ಪಂಚಾಂಗ. ಕೇಳುವ ಅಧಿಕಾರಿಯು ಎಷ್ಟನ್ನು ಮರೆತಿದ್ದಾನೆಂಬುದನ್ನು ನಕ್ಷತ್ರವು ವಿಚಾರಿಸುವುದಿಲ್ಲ.

ವೈದ್ಯವಿದ್ಯೆಯ ಗ್ರಂಥಗಳಲ್ಲಿ ವಿಷಯವು ಇನ್ನೂ ಹತ್ತಿರಕ್ಕೆ ಬರುತ್ತದೆ. ಚರಕಸಂಹಿತೆಯ ವಿಮಾನಸ್ಥಾನದ ಎಂಟನೆಯ ಅಧ್ಯಾಯವು ಅಧ್ಯಯನದ ವಿಧಿಯನ್ನು ವಿವರಿಸುತ್ತದೆ. ಶಿಷ್ಯನು ಬೆಳಗಿನ ಜಾವದಲ್ಲೆದ್ದು, ಶುಚಿಯಾಗಿ ಕುಳಿತು, ಸೂತ್ರವನ್ನು ಅನುಕ್ರಮವಾಗಿ ಮತ್ತೆ ಮತ್ತೆ ಆವರ್ತನೆ ಮಾಡಬೇಕು; ಬುದ್ಧಿಯಿಂದ ಅರ್ಥದೊಳಗೆ ಹೊಕ್ಕು ತನ್ನ ದೋಷವನ್ನು ಪರಿಹರಿಸಿಕೊಳ್ಳಬೇಕು; ಮಧ್ಯಾಹ್ನ, ಅಪರಾಹ್ಣ, ರಾತ್ರಿಗಳಲ್ಲಿಯೂ ಬಿಡದೆ ಅಭ್ಯಾಸ ಮಾಡಬೇಕು. ಸುಶ್ರುತಸಂಹಿತೆಯ ಸೂತ್ರಸ್ಥಾನವು ಅರ್ಥವರಿಯದೆ ಶಾಸ್ತ್ರವನ್ನು ಹೊತ್ತವನನ್ನು ಗಂಧದ ಮರದ ಹೊರೆ ಹೊತ್ತ ಕತ್ತೆಗೆ ಹೋಲಿಸುತ್ತದೆ: ಅದಕ್ಕೆ ಭಾರ ಗೊತ್ತು, ಪರಿಮಳ ಗೊತ್ತಿಲ್ಲ. ಮುಂದಿನ ಅಧ್ಯಾಯಗಳಲ್ಲಿ ಕುಂಬಳ, ಸೋರೆ ಮೊದಲಾದ ಕಾಯಿಗಳ ಮೇಲೆ ಶಸ್ತ್ರಕರ್ಮವನ್ನು ಅಭ್ಯಾಸ ಮಾಡಿಸುವ ವಿಧಿಯಿದೆ. ಶಾಸ್ತ್ರವನ್ನು ಕಲಿತು, ಕರ್ಮವನ್ನು ಕಂಡು, ಮಾಡಿ, ಕಡೆಗೆ ರಾಜನ ಅನುಜ್ಞೆಯನ್ನು ಪಡೆದವನೇ ವೃತ್ತಿಗೆ ಇಳಿಯಬೇಕೆಂಬ ಮಾತೂ ಇದೆ. ರಾಜಾನುಜ್ಞೆ ಎಂಬುದನ್ನು ಇಂದಿನ ಪರವಾನಗಿಯೆಂದೇ ಎಣಿಸುವುದು ದುಡುಕಾದೀತು; ಪರೀಕ್ಷಾಮಂಡಲಿಯ ಸುಳಿವು ಅಲ್ಲಿಲ್ಲ. ಆದರೂ ಕಲಿತವನೆಂದು ಹೇಳಿಕೊಂಡ ಮಾತ್ರದಿಂದ ರೋಗಿಯ ಮೈಮುಟ್ಟುವ ಅಧಿಕಾರ ಬಾರದೆಂಬ ನಿಯಮದ ಹಳಮೆಗೆ ಅದು ಸಾಕ್ಷಿಯಾಗಿದೆ. ಚರಕನ ವಿಧಿಯಲ್ಲಿ ಆವರ್ತನೆಯ ಅವಧಿ ದಿನದ ಹೊತ್ತುಗಳನ್ನು ಅನುಸರಿಸುತ್ತದೆಯೇ ಹೊರತು ಮರೆವಿನ ಅಳತೆಯನ್ನಲ್ಲ.

ಇನ್ನು ನಮ್ಮ ಕೂಲಿಮಠಗಳ ವಿಚಾರ. ಇದಕ್ಕೆ ಒಂದು ಒಳ್ಳೆಯ ಆಧಾರ ಮೊಳಕಾಲ್ಮೂರಿನ ಗಡಿಯಾಚೆಗೇ ಇದೆ. ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ದೇಶೀ ಶಾಲೆಗಳ ವಿವರವನ್ನು ಕೇಳಿದಾಗ, ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್ 17ರಂದು ಕಳುಹಿಸಿದ ವರದಿ ಅದು. ಮೊಳಕಾಲ್ಮೂರಿಗೆ ನೆರೆಯಾದ ರಾಯದುರ್ಗವು ಆಗ ಬಳ್ಳಾರಿ ಜಿಲ್ಲೆಗೇ ಸೇರಿದ್ದಿತು. ಅದು ಆಂಧ್ರಕ್ಕೆ ಸೇರಿದ್ದು 1953ರಲ್ಲಿ. ಜಿಲ್ಲೆಯಲ್ಲಿ 533 ಶಾಲೆಗಳೂ 6,641 ವಿದ್ಯಾರ್ಥಿಗಳೂ ಇದ್ದರೆಂದು ಕ್ಯಾಂಪ್‌ಬೆಲ್ ಲೆಕ್ಕ ಕೊಡುತ್ತಾನೆ. ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದನ್ನೂ, ಕೆಳಗಿನ ತರಗತಿಯವರನ್ನು ಮೇಲಿನವರು ನೋಡಿಕೊಳ್ಳುವುದನ್ನೂ ಅವನು ವಿವರಿಸುತ್ತಾನೆ. ಮುಂದುವರಿದ ಹುಡುಗರು ಕಿರಿಯರಿಗೆ ಹೇಳಿಕೊಡುತ್ತ ತಮ್ಮ ತಿಳಿವನ್ನೂ ಗಟ್ಟಿಮಾಡಿಕೊಳ್ಳುವ ಈ ಪದ್ಧತಿ ಮೆಚ್ಚತಕ್ಕದ್ದೆಂದೂ, ಇಂಗ್ಲೆಂಡಿನಲ್ಲಿ ಇದನ್ನು ಅನುಕರಿಸಿದ್ದು ತಕ್ಕದ್ದೇ ಎಂದೂ ಅವನ ಅಭಿಪ್ರಾಯ. ನೆನಪಿನಿಂದ ಹೊರತೆಗೆದಷ್ಟೂ ನೆನಪು ಗಟ್ಟಿಯಾಗುತ್ತದೆಂಬ ಆಧುನಿಕ ಮನಶ್ಶಾಸ್ತ್ರದ ಮಾತಿಗೆ ಇದು ಬಹು ಸಮೀಪವಾದ ವೀಕ್ಷಣೆ.

ಅದೇ ವರದಿಯಲ್ಲಿಯೇ ಎದುರು ಮಾತೂ ಇದೆ. ಹುಡುಗರು ಕಂಠಪಾಠ ಮಾಡುವ ಪದ್ಯಗಳು ಆಡುನುಡಿಯಿಂದ ಬಹಳ ದೂರವಾದ ಭಾಷೆಯಲ್ಲಿದ್ದು, ಅವುಗಳ ಅರ್ಥವು ಅವರಿಗೆ ಗಿಳಿಗೆ ತಿಳಿದಷ್ಟೇ ತಿಳಿದಿರುತ್ತದೆಂದು ಕ್ಯಾಂಪ್‌ಬೆಲ್ ಆಕ್ಷೇಪಿಸುತ್ತಾನೆ. ಪರಕೀಯ ಅಧಿಕಾರಿಯ ಮಾತೆಂದು ಇದನ್ನು ತಳ್ಳಿಹಾಕುವವರು ಸುಶ್ರುತನ ಕತ್ತೆಯನ್ನು ನೆನೆದುಕೊಳ್ಳಬೇಕು. ಬಡತನದಿಂದ ಶಾಲೆಗಳು ಕ್ಷೀಣಿಸುತ್ತಿವೆಯೆಂದು ಮರುಗಿದವನೂ ಅವನೇ.

ಅವಧಿಯನ್ನು ಮರೆವಿನ ಅಳತೆಗೆ ಹೊಂದಿಸುವ ಯತ್ನವು ಇದಾದ ಅರುವತ್ತು ವರ್ಷಗಳ ಮೇಲೆ ಜರ್ಮನಿಯಲ್ಲಿ ಮೊದಲಾಯಿತು. ಹರ್ಮನ್ ಎಬ್ಬಿಂಗ್‌ಹೌಸನು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ತನ್ನ ಮರೆವನ್ನೇ ಅಳೆದು, ಫಲಿತಾಂಶವನ್ನು 1885ರಲ್ಲಿ ಪ್ರಕಟಿಸಿದನು. ಮತ್ತೆ ಕಲಿಯುವಾಗ ಉಳಿತಾಯವಾಗುವ ಶ್ರಮದ ಲೆಕ್ಕದಲ್ಲಿ, ಒಂದು ಗಂಟೆಯ ಮೇಲೆ ಉಳಿದುದು ಸುಮಾರು ನೂರಕ್ಕೆ 44, ಒಂದು ದಿನದ ಮೇಲೆ 34, ಒಂದು ತಿಂಗಳ ಮೇಲೆ 21. ಮರೆವು ಮೊದಲು ವೇಗವಾಗಿಯೂ ಆಮೇಲೆ ನಿಧಾನವಾಗಿಯೂ ನಡೆಯುತ್ತದೆಂಬುದು ಇಲ್ಲಿಂದ ಸಿದ್ಧವಾಯಿತು. 1932ರಲ್ಲಿ ಸಿ. ಎ. ಮೇಸ್ ಎಂಬಾತನು ಒಂದು, ಎರಡು, ನಾಲ್ಕು, ಎಂಟು ದಿನಗಳ ಅಂತರದಲ್ಲಿ ಪುನರಭ್ಯಾಸ ಮಾಡಬೇಕೆಂದು ಸೂಚಿಸಿದನು. 1939ರಲ್ಲಿ ಸ್ಪಿಟ್ಜರ್ ಎಂಬಾತನು ಅಮೆರಿಕದ ಅಯೋವಾ ಸಂಸ್ಥಾನದ 91 ಶಾಲೆಗಳ 3,605 ಮಕ್ಕಳ ಮೇಲೆ ನಡೆಸಿದ ಪರಿಶೋಧನೆಯಲ್ಲಿ, ಓದಿದ ಕೂಡಲೆ ಪ್ರಶ್ನೆಗಳಿಗೆ ಉತ್ತರಿಸಿದವರು ಹೆಚ್ಚು ಕಾಲ ನೆನಪಿಟ್ಟುಕೊಂಡುದು ಕಂಡುಬಂದಿತು. 1972ರಲ್ಲಿ ಸೆಬಾಸ್ಟಿಯನ್ ಲೈಟ್ನರನು ಚೀಟಿಗಳನ್ನು ಪೆಟ್ಟಿಗೆಯ ಮನೆಗಳಲ್ಲಿ ಇಡುವ ಉಪಾಯವನ್ನು ಪ್ರಚಾರಕ್ಕೆ ತಂದನು: ಉತ್ತರ ಸರಿಯಾದರೆ ಚೀಟಿ ಮುಂದಿನ ಮನೆಗೆ, ತಪ್ಪಾದರೆ ಮತ್ತೆ ಮೊದಲ ಮನೆಗೆ.

ಪೋಲೆಂಡಿನ ಪ್ಯೋತ್ರ್ ವೋಜ್ನಿಯಾಕನು 1987ರಲ್ಲಿ ಈ ಕೆಲಸವನ್ನು ಗಣಕಯಂತ್ರಕ್ಕೆ ವಹಿಸಿದನು. ಅವನ ಸೂತ್ರವು ಸರಳ. ಮೊದಲ ಅವಧಿ 1 ದಿನ, ಎರಡನೆಯದು 6 ದಿನ, ಅನಂತರದ ಪ್ರತಿ ಅವಧಿಯೂ ಹಿಂದಿನದರ ಸುಮಾರು ಎರಡೂವರೆಯಷ್ಟು, ಎಂದರೆ 15, 38, 95 ದಿನ ಹೀಗೆ. ಪ್ರಶ್ನೆ ಕಷ್ಟವೆನಿಸಿದಂತೆಲ್ಲ ಆ ಗುಣಕವು 1.3ರವರೆಗೆ ಇಳಿಯುತ್ತದೆ, ಪೂರ್ತಿ ಮರೆತರೆ ಎಣಿಕೆ ಮತ್ತೆ ಒಂದು ದಿನದಿಂದ. ಆಂಕಿಯು ಬಹುಕಾಲ ಇದೇ ಸೂತ್ರವನ್ನು ಅಲ್ಪಸ್ವಲ್ಪ ಮಾರ್ಪಡಿಸಿ ಬಳಸಿತು. 2023ರಿಂದ ಓದುವವರ ಹಿಂದಿನ ಉತ್ತರಗಳನ್ನೆಲ್ಲ ಗಣಿಸಿ ಅವಧಿಯನ್ನು ಕಟ್ಟುವ ಇನ್ನೊಂದು ಸೂತ್ರವೂ ಅದರಲ್ಲಿ ಸೇರಿದೆ. ನಾವು ಹೊಸತೆಂದು ಒಪ್ಪುವುದು ಇಷ್ಟನ್ನೇ. ಪಂಚಾಂಗ, ಹೊತ್ತು, ಆಚಾರ್ಯ ಈ ಮೂವರ ಕೈಯಲ್ಲಿದ್ದ ಅವಧಿಯು ಒಬ್ಬೊಬ್ಬ ಕಲಿಯುವವರ ಒಂದೊಂದು ಮರೆವಿನ ಕೈಗೆ ಬಂದಿತು.

ಪರೀಕ್ಷೆಗಳ ಸ್ವರೂಪವು ಬದಲಾಗದೆ ಇದ್ದಿದ್ದರೆ ಈ ಕ್ರಮವು ವೈದ್ಯವಿದ್ಯಾರ್ಥಿಗಳಲ್ಲಿ ಇಷ್ಟು ಹರಡುತ್ತಿರಲಿಲ್ಲ. ಮೈಸೂರು ಸಂಸ್ಥಾನದಲ್ಲಿ 1917ರಲ್ಲಿ ಬೆಂಗಳೂರಿನಲ್ಲಿ ತೆರೆದ ವೈದ್ಯಶಾಲೆಯು ಎಲ್. ಎಂ. ಪಿ. ಪದವಿಯವರನ್ನು ತಯಾರುಮಾಡುತ್ತಿದ್ದಿತು, 1924ರಲ್ಲಿ ಮೈಸೂರು ವೈದ್ಯಕೀಯ ಕಾಲೇಜು ಸ್ಥಾಪಿತವಾಯಿತು. ಹಳೆಯ ಪರೀಕ್ಷೆಗಳಲ್ಲಿ ದೀರ್ಘವಾದ ಲಿಖಿತ ಉತ್ತರ, ಮೌಖಿಕ ಪ್ರಶ್ನೆ, ರೋಗಿಯ ಹಾಸಿಗೆಯ ಬಳಿ ಪರಿಶೀಲನೆ ಇವುಗಳಿಗೇ ಪ್ರಾಧಾನ್ಯ. ಈಗ ಪದವಿಯ ಪರೀಕ್ಷೆಯಲ್ಲಿ ಇವು ಉಳಿದಿದ್ದರೂ ಅದರಾಚೆಯ ಬಾಗಿಲುಗಳೆಲ್ಲ ಬಹು ಆಯ್ಕೆಯ ಪ್ರಶ್ನೆಗಳಿಂದ ಕೂಡಿವೆ. ಹೊರದೇಶಗಳಲ್ಲಿ ಕಲಿತು ಬಂದವರಿಗೆ 2002ರಿಂದ ನಡೆಯುತ್ತಿರುವ ಅರ್ಹತಾಪರೀಕ್ಷೆಯಲ್ಲಿ 300 ಪ್ರಶ್ನೆಗಳಿದ್ದು, ತೇರ್ಗಡೆಗೆ 150 ಅಂಕ ಬೇಕು. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯಿದೆಯು ಎಲ್ಲರಿಗೂ ಸಮಾನವಾದ ನಿರ್ಗಮನ ಪರೀಕ್ಷೆಯನ್ನು ವಿಧಿಸಿತು. ಅದರ ಆರಂಭವು ಒಂದಕ್ಕಿಂತ ಹೆಚ್ಚು ಸಲ ಮುಂದಕ್ಕೆ ಹೋಗಿದೆ. ಸಾವಿರಾರು ಬಿಡಿ ಸಂಗತಿಗಳನ್ನು ಒಂದೇ ದಿನ ನೆನಪಿಗೆ ತಂದುಕೊಳ್ಳಬೇಕಾದ ಈ ಪರೀಕ್ಷೆಗಳಿಗೆ ಚೀಟಿಯ ಕ್ರಮವು ಹೇಳಿಮಾಡಿಸಿದಂತಿದೆ.

ಈ ಕ್ರಮದಿಂದ ಪ್ರಯೋಜನವಿಲ್ಲವೆಂದು ನಾವು ಹೇಳುವುದಿಲ್ಲ. ಅಮೆರಿಕದ ಕರ್ಫೂಟ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಪರಿಶೋಧನೆಯಲ್ಲಿ, ಅವಧಿ ಬಿಟ್ಟು ಮಿಂಚಂಚೆಯಲ್ಲಿ ಪ್ರಶ್ನೆಗಳನ್ನು ಪಡೆದ ವೈದ್ಯವಿದ್ಯಾರ್ಥಿಗಳ ಜ್ಞಾಪಕವು ಮೇಲಾಗಿದ್ದುದು ಸ್ಥಿರಪಟ್ಟಿತು. ಆದರೆ ಎರಡು ವಿಚಾರಗಳನ್ನು ಅಧ್ಯಾಪಕರು ಗಮನಿಸಬೇಕು. ಮೊದಲನೆಯದು, ಇಲ್ಲಿ ಪರೀಕ್ಷಕನೂ ಪರೀಕ್ಷಿತನೂ ಒಬ್ಬನೇ. ಅರ್ಧ ಮರೆತದ್ದನ್ನು ‘ಸುಲಭ’ವೆಂದು ಒತ್ತಿದರೆ ತಂತ್ರಾಂಶವು ಅದನ್ನು ಮೂರು ತಿಂಗಳಾಚೆಗೆ ನೂಕುತ್ತದೆ, ಆ ಸುಳ್ಳನ್ನು ಹಿಡಿಯುವವರು ಯಾರೂ ಇಲ್ಲ. ಕೂಲಿಮಠದಲ್ಲಿ ಮಗ್ಗಿ ತಪ್ಪಿದವನನ್ನು ಪಕ್ಕದ ಹುಡುಗನೇ ಹಿಡಿಯುತ್ತಿದ್ದ. ಸತ್ಯವನ್ನು ನುಡಿಯಬೇಕೆಂಬ ಬ್ರಹ್ಮಗಿರಿಯ ವಿಧಿಯು ಆಚಾರ್ಯನಿಲ್ಲದ ಈ ಅಂತೇವಾಸಿಗೆ ಹೆಚ್ಚು ಅಗತ್ಯವಾದಂತೆ ತೋರುತ್ತದೆ.

ಎರಡನೆಯದು ಭಾಷೆಯ ವಿಚಾರ. ನಮಗೆ ಇದೇ ಹೆಚ್ಚು ಗುರುತರವಾದುದು. ಕನ್ನಡ ಶಾಲೆಗಳಲ್ಲಿ ಓದಿ ವೈದ್ಯಕಾಲೇಜನ್ನು ಸೇರುವ ನಮ್ಮ ಕಡೆಯ ಮಕ್ಕಳಿಗೆ ಪಠ್ಯ, ಪ್ರಶ್ನೆ, ಚೀಟಿ ಎಲ್ಲವೂ ಇಂಗ್ಲಿಷಿನಲ್ಲಿಯೇ ಎದುರಾಗುತ್ತವೆ. ಅಮೆರಿಕದ ಪರವಾನಗಿ ಪರೀಕ್ಷೆಗೆಂದು ಅಲ್ಲಿನವರು ಕಟ್ಟಿ ಹಂಚಿದ ಸಾವಿರಾರು ಚೀಟಿಗಳು ಸಿದ್ಧವಾಗಿ ದೊರೆಯುವುದರಿಂದ, ಸ್ವಂತವಾಗಿ ಬರೆದುಕೊಳ್ಳುವ ಶ್ರಮವನ್ನು ಬಿಟ್ಟುಕೊಡುವ ಆಸೆ ಸಹಜ. 1823ರಲ್ಲಿ ಕ್ಯಾಂಪ್‌ಬೆಲ್ ಆಕ್ಷೇಪಿಸಿದ ಸ್ಥಿತಿ, ಎಂದರೆ ಕಲಿಯುವವನ ಆಡುನುಡಿಯಿಂದ ದೂರವಾದ ಮಾತುಗಳು ಗಂಟಲಲ್ಲಿ ನಿಂತು ಅರ್ಥವು ಹೊರಗುಳಿಯುವ ಸ್ಥಿತಿ, ಹೀಗೆ ಬೇರೆ ವೇಷದಲ್ಲಿ ಮರಳಿ ಬರಬಹುದಾಗಿದೆ. ಪರೀಕ್ಷೆಯ ಫಲಿತಾಂಶದಲ್ಲಿ ಇದು ಗೋಚರಿಸಲಾರದು. ಚಳ್ಳಕೆರೆಯ ಆಸ್ಪತ್ರೆಯ ಹೊರರೋಗಿಗಳ ಸಾಲಿನಲ್ಲಿ ಗೋಚರಿಸುತ್ತದೆ. ಅಲ್ಲಿ ಮುಂದೆ ಕುಳಿತವರು ಸಂಕಟ, ಸುಸ್ತು, ಎದೆ ಉರಿ, ಜೋಮು ಎಂದು ಹೇಳುತ್ತಾರೆಯೇ ಹೊರತು ಪುಸ್ತಕದ ಹೆಸರುಗಳನ್ನು ಹೇಳುವುದಿಲ್ಲ.

ಇದಕ್ಕೆ ತಂತ್ರಾಂಶವನ್ನು ದೂರಬೇಕಾದುದಿಲ್ಲ. ಅದು ಕನ್ನಡ ಲಿಪಿಯನ್ನೂ ತಡೆಯಿಲ್ಲದೆ ಸ್ವೀಕರಿಸುತ್ತದೆ. ಒಂದು ಮುಖದಲ್ಲಿ ‘ತಲೆ ತಿರುಗುತ್ತದೆ ಎಂದು ರೋಗಿ ಹೇಳಿದರೆ ಮೊದಲು ಏನನ್ನು ಕೇಳಬೇಕು?’ ಎಂದೂ, ಇನ್ನೊಂದು ಮುಖದಲ್ಲಿ ‘ಸುತ್ತಲಿನದೆಲ್ಲ ಗಿರ್ರೆಂದು ಸುತ್ತಿದಂತಾಗುತ್ತದೆಯೋ, ಎದ್ದು ನಿಂತಾಗ ಕಣ್ಣು ಕತ್ತಲಿಟ್ಟಂತಾಗುತ್ತದೆಯೋ ಎಂಬುದನ್ನು’ ಎಂದೂ ಬರೆದುಕೊಂಡ ಚೀಟಿಯು ಹೊರದೇಶದ ಯಾವ ಕಟ್ಟಿನಲ್ಲಿಯೂ ದೊರೆಯಲಾರದು. ಅದನ್ನು ಬರೆಯಬೇಕಾದವರು ವಿದ್ಯಾರ್ಥಿಯೂ, ಅವರ ಪಕ್ಕದಲ್ಲಿ ಕುಳಿತು ಅದನ್ನು ತಿದ್ದುವ ಅಧ್ಯಾಪಕರೂ.