ಜಲಪಾತದ ಮುಂದ ನಿಂತ ನಮ್ಮ ಭೀಮಣ್ಣ

ಮೊನ್ನೆ ಅಡಗಿಮನ್ಯಾಗ ರೊಟ್ಟಿ ಬಡಿಯಾಕತ್ತಿದ್ದೆ. ಹೊರಗ ಮಗಳ ಮೊಬೈಲಿನಾಗ ‘ಮಿಲೇ ಸುರ್ ಮೇರಾ ತುಮ್ಹಾರಾ’ ಹತ್ತಿತು ನೋಡ್ರಿ. ಆ ಮೊದಲನೇ ದನಿ ಕಿವಿಗೆ ಬಿದ್ದಕೂಡ್ಲೆ ನನ್ನ ಕೈ ನಿಂತು, ಹಂಚಿನ ಮ್ಯಾಲಿನ ರೊಟ್ಟಿ ಸೀದು ಹೋತು. ಮಗಳು ಕೇಳಿದ್ಲು, “ಯಾರವ್ವಾ ಈ ಅಜ್ಜ?”

ಗದಗ ಜಿಲ್ಲಾದಾಗ ಹುಟ್ಟಿ ಬೆಳದ ಹುಡುಗಿ, ಪಂಡಿತ ಭೀಮಸೇನ ಜೋಶಿಯವರ ಗುರ್ತ ಹಿಡೀಲಿಲ್ಲ! ಅವತ್ತು ರಾತ್ರಿ ಆಕಿಗೆ ಹೇಳಿದ್ದನ್ನ ಇಲ್ಲಿ ಬರೀತೀನಿ.

1988ರ ಆಗಸ್ಟ್ 15. ನಂದು ಆಗಷ್ಟೇ ಪಿಯುಸಿ ಮುಗಿದಿತ್ತು. ತವರುಮನಿ ಬೆಟಗೇರಿ, ಅಪ್ಪಂದು ಮಗ್ಗದ ಕೆಲಸ. ಗದಗ ಆಗಿನ್ನೂ ಧಾರವಾಡ ಜಿಲ್ಲಾದೊಳಗ ಇತ್ತು, ಬ್ಯಾರೆ ಜಿಲ್ಲಾ ಆಗಿದ್ದು 1997ರಾಗ. ನಮ್ಮ ಓಣಿಗೆಲ್ಲಾ ಇದ್ದದ್ದು ಒಂದ ಟಿ.ವಿ., ಅದೂ ಕಪ್ಪು-ಬಿಳುಪು. ಕೆಂಪುಕೋಟೆಯ ಭಾಷಣ ಮುಗಿದಮ್ಯಾಲ ಒಂದು ಹೊಸಾ ಹಾಡು ಬಂತು. ಜಲಪಾತದ ಮುಂದ ನಿಂತು ಹಾಡಾಕತ್ತಾವ್ರು ಯಾರು? ನಮ್ಮ ಭೀಮಣ್ಣ! ಆಗ ಅವರಿಗೆ 66 ವರ್ಷ.

“ಗೋಕಾಕ ಫಾಲ್ಸ್ ಇರಬೇಕದು” ಅಂದ್ರು ಅಪ್ಪ. ಅದು ಕೊಡೈಕನಾಲಿನ ಜಲಪಾತ ಅಂತ ನನಗ ಗೊತ್ತಾಗಿದ್ದು ಎಷ್ಟೋ ವರ್ಷದ ಮ್ಯಾಲ. ಅವತ್ತು ಮಾತ್ರ ಓಣಿ ಮಂದಿಯೆಲ್ಲಾ ಚಪ್ಪಾಳಿ ಹೊಡದ್ರು. ಇಡೀ ದೇಶಕ್ಕ ಮೊದಲ ದನಿ ನಮ್ಮ ರೋಣದಾಗ ಹುಟ್ಟಿದಾಂವಂದು ಅಂತ ನಾನೂ ಉಬ್ಬಿಹೋದೆ.

ಅಪ್ಪ ಮಾತ್ರ ಸುಮ್ಮನ ಎದ್ದು ಮನಿಗೆ ಬಂದ್ರು. ಊಟಕ್ಕ ಕುಂತಾಗ ಅಂದ್ರು: “ರಾತ್ರಿಯೆಲ್ಲಾ ಹಾಡೋ ಮನಷ್ಯಾಗ ಒಂದು ನಿಮಿಷ ಕೊಟ್ಟಾರ. ಭೈರವಿ ಹಾಡಿದ್ರ ಕಚೇರಿ ಮುಗೀತು ಅಂತ ಲೆಕ್ಕ, ಇವ್ರು ಭೈರವಿಯಿಂದನ ಶುರು ಮಾಡಿಸ್ಯಾರ. ಕನ್ನಡದ ಸಾಲು ಬಂತು, ಅದನ್ನ ಹಾಡಿದ್ದೂ ಅವರಲ್ಲ.”

ಅಪ್ಪನ ಸಿಟ್ಟಿಗೆ ಕಾರಣ ಇತ್ತು. ಅವರಿಗೆ ಭೀಮಣ್ಣ ಅಂದ್ರ ಟಿ.ವಿ. ಒಳಗಿನ ಮನಷ್ಯಾ ಅಲ್ಲ. 1922ರಾಗ ರೋಣದಾಗ ಹುಟ್ಟಿ, ಸಾಲಿ ಮಾಸ್ತರ ಗುರುರಾಜ ಜೋಶಿಯವರ ಮಗ ಆಗಿ ಗದಗಿನಾಗ ಬೆಳದ ಹುಡುಗ. ಅಂಗಡಿ ಮುಂದ ನಿಂತು ಅಬ್ದುಲ್ ಕರೀಂ ಖಾನರ ಪ್ಲೇಟು ಕೇಳಿ ಹುಚ್ಚು ಹಿಡಿಸಿಕೊಂಡು, 1933ರಾಗ ಗುರುವನ್ನ ಹುಡುಕಾಕ ಮನಿ ಬಿಟ್ಟು ಓಡಿದಾಂವ. ಗ್ವಾಲಿಯರ್, ಜಾಲಂಧರ ತನಕ ಅಲೆದ. ಅವರಪ್ಪ ಹುಡುಕ್ಕೊಂಡು ಹೋಗಿ ಕರಕೊಂಡು ಬಂದ್ರು. ಕಡೀಗೆ ಗುರು ಸಿಕ್ಕಿದ್ದು ಎಲ್ಲಿ? ನಮ್ಮ ಲಕ್ಷ್ಮೇಶ್ವರದ ಬಾಜೂಕಿನ ಕುಂದಗೋಳದಾಗ, ಸವಾಯಿ ಗಂಧರ್ವರ ಮನ್ಯಾಗ! ಅಲ್ಲಿ ನೀರು ಹೊತ್ತು, ಸೇವಾ ಮಾಡಿ ಕಲ್ತದ್ದು. ಮುಂದ ಪುಣೆಯೊಳಗ ಮನಿ ಮಾಡಿದ್ರು, 1953ರಿಂದ ಗುರುವಿನ ಹೆಸರಲೆ ಅಲ್ಲಿ ಉತ್ಸವ ನಡೆಸಿದ್ರು. ಅಪ್ಪ ಹುಬ್ಬಳ್ಳಿ, ಕುಂದಗೋಳ ಅಂತ ಬುತ್ತಿ ಕಟಗೊಂಡು ಹೋಗಿ, ಬೆಳಕು ಹರಿಯೂತನಕ ಅವರ ಹಾಡು ಕೇಳಿ ಬರ್ತಿದ್ರು. ಅಂಥಾವ್ರಿಗೆ ಒಂದು ನಿಮಿಷ ಸಾಕಾಗ್ತದೇನ್ರಿ?

ನಾನು ವಾದ ಮಾಡಿದೆ. “ಅಪ್ಪಾ, ಖ್ಯಾಲು ತಿಳಿಯಲಾರದಾವ್ರೂ ಇವತ್ತು ಅವರ ದನಿ ಕೇಳ್ಯಾರ. 14 ಭಾಷಾದ ಹಾಡದು, ಎಲ್ಲಾನೂ ಒಬ್ರ ಹಾಡಾಕಾಗ್ತದೇನು?” ಅಪ್ಪ ನಕ್ಕು, “ನಿನಗ ನಿಮಿಷ ಸಾಕವಾ” ಅಂದ್ರು. ಅದು ಭಾಳ ದಿನ ಚುಚ್ಚಿತು.

ಪೀಯೂಷ್ ಪಾಂಡೆ ಬರದು, ಅಶೋಕ ಪತ್ಕಿ, ಲೂಯಿ ಬ್ಯಾಂಕ್ಸ್ ಸಂಗೀತ ಕೂಡಿಸಿದ ಆ ಹಾಡು ಆರು ನಿಮಿಷದ್ದು. ಮದಿವ್ಯಾಗಿ ನಾನು ಮುಂಡರಗಿಗೆ ಬಂದಮ್ಯಾಲೂ ಟಿ.ವಿ.ಯೊಳಗ ಎಷ್ಟು ಸಲ ಬಂತೋ ಲೆಕ್ಕಿಲ್ಲ. ಬಂದಾಗೆಲ್ಲಾ ಖುಷಿನೂ ಆಗ್ತಿತ್ತು, ಅಪ್ಪನ ಮಾತೂ ನೆನಪಾಗ್ತಿತ್ತು.

2010ರ ಜನವರಿಯೊಳಗ ಅದನ್ನ ಹೊಸದಾಗಿ ಮಾಡಿದ್ರು. ಶುರುವಿಗೆ ಎ.ಆರ್. ರೆಹಮಾನ್, ಆಮ್ಯಾಲ ಸಿನಿಮಾದ ಮಂದಿನ ಮಂದಿ. ಭೀಮಣ್ಣನ್ನ ಹುಡುಕಿದೆ, ಕಾಣಲಿಲ್ಲ. “ಇದ್ಯಾತರ ಹಾಡು!” ಅಂತ ಬೈಕೋತ ಎದ್ದು ಹ್ವಾದೆ. ಅಡಗಿಮನಿಗೆ ಬಂದ ಮ್ಯಾಲ ನಗು ಬಂತು. 1988ರಾಗ ಅಪ್ಪ ಎದ್ದು ಬಂದಿದ್ದೂ ಹಿಂಗ. ನನಗ ಬೇಕಾಗಿದ್ದ ಆ ಒಂದು ನಿಮಿಷ ಅಪ್ಪಗ ಸಾಲದಾಗಿತ್ತು, ಈಗ ನನಗ ಅದೂ ಸಿಗಲಿಲ್ಲ. ಮುಂದಿನ ವರ್ಷ, 2011ರ ಜನವರಿ 24ಕ್ಕ, ಭಾರತರತ್ನ ಭೀಮಸೇನ ಜೋಶಿ ಪುಣೆಯೊಳಗ ತೀರಿಕೊಂಡ್ರು. ಅಪ್ಪ ಅಷ್ಟೊತ್ತಿಗೆ ಇರಲಿಲ್ಲ.

ಇದನ್ನೆಲ್ಲಾ ಕೇಳಿ ಮಗಳು ಅಂದ್ಲು, “ಇಷ್ಟು ದಿನ ಯಾಕ ಹೇಳಿಲ್ಲವ್ವಾ?” ಏನ ಹೇಳ್ಲಿ? ಪುಣೆಯವ್ರು ನಮ್ಮಾಂವನ್ನ ಇಟಗೊಂಡ್ರು, ಟಿ.ವಿ.ಯವ್ರು ಒಂದ ನಿಮಿಷ ಕೊಟ್ರು ಅಂತ ಮುನಿಸು ಮಾಡಿದ್ದು ನಾವು. ಆದ್ರ ನನ್ನ ಮನ್ಯಾಗ ಆ ಹೆಸರು ಹೇಳದೆ ಇದ್ದಾಕಿ ನಾನ. ಆ ಒಂದು ನಿಮಿಷ ಇರಲಿಕ್ಕಂದ್ರ ಮಗಳು ಅವರ ಬಗ್ಗೆ ಕೇಳ್ತನೂ ಇರಲಿಲ್ಲ.

ಅಪ್ಪಗ ಭೀಮಣ್ಣನ ದನಿಯೊಳಗ ‘ಭಾಗ್ಯದ ಲಕ್ಷ್ಮೀ ಬಾರಮ್ಮ’ ಭಾಳ ಸೇರ್ತಿತ್ತು. ಮಗಳಿಗೆ ಅದನ್ನ ಹಚ್ಚಂದೆ. ಪೂರಾ ಕೇಳಿದ್ಲು, ನಡುವ ಮೊಬೈಲ್ ಮುಟ್ಟಲಿಲ್ಲ. ಮುಗಿದಮ್ಯಾಲ, “ಅವ್ವಾ, ಇವರ ಇಡೀ ಕಚೇರಿ ಎಲ್ಲೆರ ಸಿಗ್ತದೇನು?” ಅಂದ್ಲು.