1975ರ ಆಯ್ದ ಚಿತ್ರಗಳು: ಚೋಮನಿಂದ ದೆರ್ಸುವರೆಗೆ

1975 ಎಂದೊಡನೆ ಬಹುತೇಕ ಚಿತ್ರರಸಿಕರಿಗೆ ನೆನಪಾಗುವುದು ‘ಶೋಲೆ’. ಆಗಸ್ಟ್ 15ರಂದು ತೆರೆಕಂಡ ರಮೇಶ್ ಸಿಪ್ಪಿ ಅವರ ಈ ಹಿಂದಿ ಚಿತ್ರಕ್ಕೆ ರಾಮನಗರದ ಬಂಡೆಗಳೇ ರಂಗಸ್ಥಳವಾದವು. ಆದರೆ ಆ ವರ್ಷದ ಅತ್ಯುನ್ನತ ರಾಷ್ಟ್ರೀಯ ಗೌರವ ಸಂದದ್ದು ಕನ್ನಡ ಚಿತ್ರಕ್ಕೆ. ಈ ವರದಿಗಾರನ ವೈಯಕ್ತಿಕ ಆಯ್ಕೆ ಇಂತಿದೆ.

ಚೋಮನ ದುಡಿ: ಶಿವರಾಮ ಕಾರಂತರ ಕಾದಂಬರಿ ಆಧರಿಸಿ ಬಿ.ವಿ. ಕಾರಂತರು ನಿರ್ದೇಶಿಸಿದ ಚಿತ್ರ. ತುಂಡು ಹೊಲವನ್ನು ತಾನೇ ಉಳಬೇಕೆಂಬ ಚೋಮನ ಆಸೆ ಜಾತಿಯ ಕಾರಣಕ್ಕೆ ಕೈಗೂಡುವುದಿಲ್ಲ. ನೋವು ದುಡಿಯಲ್ಲಿ ನುಡಿಯುತ್ತದೆ. ಚಿತ್ರಕ್ಕೆ ಸ್ವರ್ಣಕಮಲ, ಎಂ.ವಿ. ವಾಸುದೇವರಾವ್ ಅವರಿಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ದೊರೆತವು. 1974ರ ಭೂಸುಧಾರಣಾ ತಿದ್ದುಪಡಿ ಗೇಣಿದಾರರಿಗೆ ಒಡೆತನದ ಭರವಸೆ ನೀಡಿದ್ದ ಕಾಲದಲ್ಲಿ, ಗೇಣಿಯೂ ಸಿಗದ ಜೀತದಾಳಿನ ಪ್ರಶ್ನೆಯನ್ನು ಈ ಚಿತ್ರ ಎತ್ತಿತು.

ಹಂಸಗೀತೆ: ತ.ರಾ.ಸು. ಕಾದಂಬರಿಯನ್ನು ಜಿ.ವಿ. ಅಯ್ಯರ್ ತೆರೆಗೆ ತಂದರು. ಚಿತ್ರದುರ್ಗ ಸೀಮೆಯ ಗಾಯಕನಾಗಿ ಅನಂತನಾಗ್ ನಟಿಸಿದರು. ಎಂ. ಬಾಲಮುರಳಿಕೃಷ್ಣ ಅವರಿಗೆ ಹಿನ್ನೆಲೆ ಗಾಯನದ ರಾಷ್ಟ್ರಪ್ರಶಸ್ತಿ ಬಂತು. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾಗುವವರೆಗೂ ಚಿತ್ರದುರ್ಗಕ್ಕೆ ಸೇರಿದ್ದ ಜಗಳೂರಿನವರಿಗೆ ಇದು ತಮ್ಮ ಸೀಮೆಯದೇ ಕಥೆ.

ದೆರ್ಸು ಉಜಾಲಾ: ಜಪಾನಿನ ಅಕಿರಾ ಕುರೊಸಾವಾ ಸೋವಿಯತ್ ಒಕ್ಕೂಟದಲ್ಲಿ ನಿರ್ಮಿಸಿದ ಚಿತ್ರ. ಕಾಡನ್ನೇ ಮನೆಯಾಗಿಸಿಕೊಂಡ ಬೇಟೆಗಾರ ನಗರದಲ್ಲಿ ಬಾಳಲಾರದೆ ಹೋಗುತ್ತಾನೆ. ಇದಕ್ಕೆ ಶ್ರೇಷ್ಠ ವಿದೇಶಿ ಚಿತ್ರವೆಂದು ಆಸ್ಕರ್ ಲಭಿಸಿತು.

ಮೂರರಲ್ಲಿ ಮೊದಲ ಸ್ಥಾನ ಚೋಮನಿಗೆ. ಬೇಸಾಯವನ್ನೇ ನಂಬಿದ ಚನ್ನಗಿರಿ, ಹೊನ್ನಾಳಿ, ನ್ಯಾಮತಿಯ ಪ್ರೇಕ್ಷಕರಿಗೆ, ಉಳಲು ನೆಲವಿಲ್ಲದವನ ದುಡಿಯ ಸದ್ದು ಇಂದಿಗೂ ಅಪರಿಚಿತವೆನಿಸದು.